ಆರನೇ ಬಟ್ಟಲ

ರಾತ್ರಿ ಪಾಳಿ. ಇನ್‌ಕ್ಯುಬೇಟರಿನೊಳಗ ಮೂವತ್ತೇಳು ಡಿಗ್ರಿ,
ಜ್ವರ ಇಲ್ಲದ ಮೈಯ ಬಿಸಿ.
ಆರು ಗಾಜಿನ ಬಟ್ಟಲ.
ಇಲಿಮರಿಯ ಮಿದುಳಿನ ಜೀವಕೋಶ, ಬರಿಗಣ್ಣಿಗಿ ಏನೂ ಕಾಣಲ್ಲ,
ಸೂಕ್ಷ್ಮದರ್ಶಕದಾಗ ನೋಡಿದರ
ಒಂದರ ಕೈ ಒಂದು ಹಿಡಕೊಂಡು ನಿಂತಾವ,
ಜನವಾಡದ ಸಾಲಿ ಬಿಟ್ಟಾಗ ರೋಡ ದಾಟೋ ಹುಡುಗರಂಗ.

ಎಲ್ಲಾದಕ್ಕೂ ವೈರಸ್ ಹಾಕೀನಿ, ನಾನೇ, ಈ ಕೈಲಿಂದ.
ಮೊದಲಿನ ಐದಕ್ಕ ಎಲೀ ರಸ,
ಒಂದಕ್ಕಿಂತ ಒಂದಕ್ಕ ಜರಾ ಹೆಚ್ಚು.
ಆರನೇದಕ್ಕ ಏನೂ ಇಲ್ಲ.
ಪ್ರಯೋಗ ಅಂದರ ಹಂಗೇ, ಮೇಡಮ್ ಹೇಳ್ತಾರ,
ಒಂದಕ್ಕರೆ ಏನೂ ಕೊಡಬಾರದು,
ಇಲ್ಲಂದರ ಕೊಟ್ಟದ್ದು ಏನು ಮಾಡ್ತು ಹ್ಯಾಂಗ ತಿಳೀತದ, ಸುವರ್ಣಾ?

ತಿಳೀತದ ಮೇಡಮ್, ಅಂತೀನಿ.
ನಮ್ಮ ಮನ್ಯಾಗ ಒಬ್ಬ ಅದಾನ.

*

ಝರೆಪ್ಪಗ ಆಗ ಎಂಟು ವರ್ಷ.
ಸಂಜೀಗಿ ತಲಿನೋವು ಅಂದ,
ನಡುರಾತ್ರಿಗಿ ಅವ್ವನ ಗುರ್ತು ಹಿಡೀಲಿಲ್ಲ.
ಅಪ್ಪ ಹೊತ್ಕೊಂಡು ಓಡಿ, ಚೌಬಾರಾದ ಹಿಂದಿನ ಗಲ್ಲ್ಯಾಗ
ಹಕೀಮ್ ಬಶೀರುದ್ದೀನ್ ಸಾಬರ ಬಾಗಿಲ ಬಡಿದ.
ಅವರು ಕುತಗಿ ಬಗ್ಗಿಸಿ ನೋಡಿದರು. ಬಗ್ಗಲಿಲ್ಲ.
ಅಲಮಾರದಾಗ ಮುನ್ನೂರು ಶೀಷೆ. ಒಂದೂ ಮುಟ್ಟಲಿಲ್ಲ.
ಕುರ್ತಾದ ಜೇಬಿಲಿಂದ ರೊಕ್ಕ ತೆಗೆದು
“ಹೈದರಾಬಾದ್ ಬಸ್ ನಾಕಕ್ಕದ. ಓಡ್ರಿ” ಅಂದರು.

ಇಪ್ಪತ್ತು ದಿನ. ವೈರಸ್ ಯಾವಾಗೋ ಹೋಗಿತ್ತಂತ.
ಮಿದುಳಿನ ಕಾವಲಿನವರಿಗಿ ಅದು ಗೊತ್ತಾಗಿಲ್ಲ.
ಕಳ್ಳ ಓಡಿಹೋದ ಮ್ಯಾಲೂ ಬಡಿಗಿ ಹಿಡಕೊಂಡು
ಗಡಿಗಿ, ದೀಪ, ಕನ್ನಡಿ,
ಮನೀದು ಮನೀಯವರೇ ಒಡದಾರ.
ಇದು ನಾ ಓದಿ ತಿಳಕೊಂಡದ್ದು, ಮೂವತ್ತು ವರ್ಷ ತಡಾ.

ತಮ್ಮ ತಿರುಗಿ ಬಂದ. ನಡೀತಾನ, ನಗತಾನ, ಹಸಿವಾದರ ಕೇಳ್ತಾನ.
ಹೆಸರುಗಳು ಬರಲಿಲ್ಲ.
ನೀರಿಗಿ ‘ತಣ್ಣಂದು’. ಬೆಕ್ಕಿಗಿ ‘ಮೆಲ್ಲಕ’.
ನನಗ ‘ಏ ಇಕಿ’.

ಆಮ್ಯಾಲ ಒಂದಿನ ಹಕೀಮ್ ಸಾಬರು ಒಂದು ಮುಷ್ಟಿ ಎಲಿ ಕೊಟ್ಟು
ಅವ್ವನ ಮಾರಿ ನೋಡದೇ ಅಂದರು:
“ಉಳಿದದ್ದಕ್ಕ ಇದು ಕಾವಲು, ಬೆಹೆನ್.
ಹೋದದ್ದಕ್ಕ ನನ್ನ ಬಲ್ಲಿ ಏನಿಲ್ಲ.”

*

ನೌಬಾದದ ಸುರಂಗ ಬಾವಿ ಗೊತ್ತದಲ್ಲ,
ಕೆಂಪು ಕಲ್ಲಿನ ಹೊಟ್ಟ್ಯಾಗ ನೀರು
ಯಾರಿಗೂ ಹೇಳದೇ ಹರೀತದ,
ಅಲ್ಲಲ್ಲಿ ಒಂದು ಕಿಂಡಿ ಮಾತ್ರ ಮ್ಯಾಲ.
ಆ ತೇವದ ಅಂಚಿಗಿ ಹಬ್ಬತದ ಎಲಿ, ದುಂಡಗ, ಒಂದು ಕಡಿ ಸೀಳಿ.
ಅವ್ವಗ ಅದು ಒಂದೆಲಗ. ಹಕೀಮರಿಗಿ ಬ್ರಹ್ಮೀ ಬೂಟಿ.
ಮೇಡಮರ ವಹಿಯೊಳಗ ಲ್ಯಾಟಿನ್ ಹೆಸರು, ಓರೆ ಅಕ್ಷರದಾಗ.
ಝರೆಪ್ಪ ವಾರಕ್ಕೊಮ್ಮೆ ಚೀಲ ತುಂಬ ಕಿತ್ತು ತಂದು
ಗೇಟಿನ ವಾಚ್‌ಮನ್ನಗ ಕೊಡ್ತಾನ:
“ರೊಕ್ಕದೆಲಿ. ಏ ಇಕಿಗಿ.”

ತೊಳೀತೀನಿ, ನೆರಳಿಗಿ ಒಣಗಸ್ತೀನಿ, ಅರೀತೀನಿ, ಸೋಸ್ತೀನಿ.
ಮೂರನೇ ಬಟ್ಟಲ ಈ ಸಲ ಚಂದ ಅದ,
ಕಾವಲಿನವರು ಬಡಿಗಿ ಕೆಳಗಿಟ್ಟಾರ.
ಐದನೇದರಾಗ ರಸ ಹೆಚ್ಚಾಗಿ ಎಲ್ಲಾ ಸತ್ತಾವ,
ಅಳತಿ ಮೀರಿದರ ಔಷಧಕ್ಕೂ ಹಲ್ಲು ಬರತಾವ.
ಮೇಡಮ್ ನಗಲ್ಲ. ಬಟ್ಟಲ ಬ್ಯಾರೆ, ತಲೀ ಬ್ಯಾರೆ.
ರಕ್ತಲಿಂದ ಮಿದುಳಿಗಿ ಹೋಗಬೇಕಂದರ
ನಮ್ಮ ಕ್ವಾಟಿಯಂಗ ಬಾಗಿಲ ಮ್ಯಾಲ ಬಾಗಿಲ,
ಎಲೀ ರಸ ಯಾವ ಅಗಸ್ಯಾಗ ನಿಂತು ಹೋಗ್ತದೋ.
ಇನ್ನ ಹತ್ತು ವರ್ಷ ಅಂತಾರ. ಇಲ್ಲಾ, ಎಂದೂ ಇಲ್ಲ.

ಮೊನ್ನೆ ಬಾಜೂಮನಿ ಶಾಹೀನ್ ಬಂದಿದ್ದಳು,
ಮಗೀಗಿ ಜ್ವರ, ಆ ನಿನ್ನ ಎಲಿ ಒಂದೀಟು ಕೊಡು.
ಕೊಡಲಿಲ್ಲ. ಆಟೋ ತರಿಸಿದೆ.
ಒಂದು ಕುರ್ತಾದ ಜೇಬು ನೆನಪಾಯ್ತು.

*

ಈಗ ಮೂರೂವರಿ.
ಎಲ್ಲಾ ಬಟ್ಟಲಕ್ಕೂ ಅಷ್ಟಷ್ಟೇ ಹೊತ್ತು ಕೊಡಬೇಕು, ನಿಯಮ.
ಆರನೇದರ ಮುಂದ ನಾ ಜಾಸ್ತಿ ಕೂಡ್ತೀನಿ.
ಬಹಳ ಕೈ ಬಿಟ್ಟಾವ. ಮೂಲ್ಯಾಗ ಎರಡು ಮೂರು
ಇನ್ನೂ ಹಿಡಕೊಂಡಾವ,
ಹಿಡಕೊಂಡದ್ದರ ಹೆಸರು ಗೊತ್ತಿಲ್ಲದೇ.
ಎಣಿಸಿ ಬರೀತೀನಿ.

ಶೀಷೆಯ ಚೀಟಿ ಮ್ಯಾಲ ಸಂಖ್ಯೆ, ತಾರೀಖು.
ಕೆಳಗ, ಪೆನ್ಸಿಲಿಲೆ, ಸಣ್ಣಗ:
ರೊಕ್ಕದೆಲಿ.